ಸೈಕೆಡೆಲಿಕ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಬರಹಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ಕುತೂಹಲಕ್ಕೆ ಕೇಳುವುದಿಲ್ಲ. ಮನೆಯಲ್ಲಿ ಯಾರೋ ವರ್ಷಗಟ್ಟಲೆ ನರಳುತ್ತಿರುತ್ತಾರೆ, ಇಲ್ಲವೇ ಅವರೇ ನರಳುತ್ತಿರುತ್ತಾರೆ. ಅದಕ್ಕೇ ಆಸೆಯನ್ನು ಸುಮ್ನೆ ಉಬ್ಬಿಸದೆ, ಭಯವನ್ನೂ ಹುಟ್ಟಿಸದೆ, ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ. ಸುಲಭದ ಪ್ರಶ್ನೆಗಳು ಮೊದಲು, ಬಿಗಿಯಾದವು ಆಮೇಲೆ.

## ಮೊದಲ ಪ್ರಶ್ನೆಗಳು

ಸೈಕೆಡೆಲಿಕ್ ಅಂದ್ರೆ ಏನು? ಡ್ರಗ್ಸ್ ಅಂತಾರಲ್ಲ, ಅದೇನಾ?

ಡ್ರಗ್ಸ್ ಅನ್ನುವ ಒಂದೇ ಮೂಟೆಯಲ್ಲಿ ಎಲ್ಲವನ್ನೂ ತುಂಬಿದರೆ ಏನೂ ಅರ್ಥವಾಗುವುದಿಲ್ಲ. ಹೆರಾಯಿನ್ ಬೇರೆ, ಕೊಕೇನ್ ಬೇರೆ, ಇದು ಬೇರೆ. ನಾವು ನೋಡುವ, ಕೇಳುವ, ಯೋಚಿಸುವ ಬಗೆಯನ್ನು, ‘ನಾನು’ ಅನ್ನುವ ಭಾವನೆಯನ್ನೂ ಕೂಡ, ಕೆಲವು ಗಂಟೆಗಳ ಕಾಲ ಬದಲಿಸುವ ವಸ್ತುಗಳಿಗೆ ಸೈಕೆಡೆಲಿಕ್ ಅನ್ನುತ್ತಾರೆ. ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೋಸೈಬಿನ್, ಪ್ರಯೋಗಾಲಯದಲ್ಲಿ ಹುಟ್ಟಿದ ಎಲ್‌ಎಸ್‌ಡಿ, ಪೆಯೋಟಿ ಕಳ್ಳಿಯ ಮೆಸ್ಕಲಿನ್, ಅಮೆಜಾನ್ ಕಾಡಿನ ಅಯಾಹುಸ್ಕಾ ಕಷಾಯದಲ್ಲಿರುವ ಡಿಎಂಟಿ, ಇವು ಮುಖ್ಯವಾದವು.

ಎಂಡಿಎಂಎ ಮತ್ತು ಕೆಟಮಿನ್ ಹೆಸರೂ ಇದರ ಜೊತೆಗೇ ಕೇಳಿಬರುತ್ತದೆ. ಇವೆರಡೂ ಮೆದುಳಿನಲ್ಲಿ ಕೆಲಸ ಮಾಡುವ ದಾರಿಯೇ ಬೇರೆ. ಆದರೆ ಚಿಕಿತ್ಸೆಯ ಚರ್ಚೆಯಲ್ಲಿ ಎಲ್ಲವೂ ಒಟ್ಟಿಗೆ ಬರುವುದರಿಂದ ನಾನೂ ಇಲ್ಲಿ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಇದು ಈಗಿನ ಹೊಸ ಸಂಶೋಧನೆಯಾ?

ಅಲ್ಲ. ಅರ್ಧ ದಾರಿಯಲ್ಲಿ ನಿಂತುಹೋಗಿದ್ದ ಹಳೆಯ ಕೆಲಸ ಮತ್ತೆ ಶುರುವಾಗಿದೆ, ಅಷ್ಟೇ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ, ಸ್ಯಾಂಡೋಜ್ ಕಂಪನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು. ಅದು ಮನಸ್ಸಿನ ಮೇಲೆ ಏನು ಮಾಡುತ್ತದೆ ಅನ್ನುವುದು ಅವರಿಗೆ ಗೊತ್ತಾಗಿದ್ದು 1943ರಲ್ಲಿ. ಅಣಬೆಯಿಂದ ಸೈಲೋಸೈಬಿನ್ ಬೇರ್ಪಡಿಸಿದವರೂ ಅವರೇ, 1958ರಲ್ಲಿ. 1950 ಮತ್ತು 60ರ ದಶಕಗಳಲ್ಲಿ ಸಾವಿರಾರು ರೋಗಿಗಳಿಗೆ ಈ ಔಷಧಿಗಳನ್ನು ಕೊಟ್ಟು ನೋಡಿದರು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಕುಡಿತದ ಚಟಕ್ಕೆ ಎಲ್‌ಎಸ್‌ಡಿ ಬಳಸಿದ್ದರು. ಆಗಿನ ಅಧ್ಯಯನಗಳು ಈಗಿನಷ್ಟು ಕಟ್ಟುನಿಟ್ಟಾಗಿರಲಿಲ್ಲ. ಆಮೇಲೆ ಇವು ಬೀದಿಗೂ ಬಂದವು, ರಾಜಕೀಯಕ್ಕೂ ಸಿಕ್ಕಿಕೊಂಡವು. 1970ರ ಅಮೆರಿಕದ ಕಾನೂನು, 1971ರ ವಿಶ್ವಸಂಸ್ಥೆಯ ಒಪ್ಪಂದ ಬಂದ ಮೇಲೆ ಸಂಶೋಧನೆ ಹೆಚ್ಚುಕಡಿಮೆ ನಿಂತೇಹೋಯಿತು. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ತಂಡದ ಅಧ್ಯಯನ ಹೊರಬಂದಾಗ ಮತ್ತೆ ಎಲ್ಲರ ಕಣ್ಣು ಇತ್ತ ತಿರುಗಿತು.

ವಿಜ್ಞಾನಿಗಳಿಗಿಂತ ಎಷ್ಟೋ ಮೊದಲೇ ಮೆಕ್ಸಿಕೋದ ಮಸಾಟೆಕ್ ಜನರಿಗೆ ಈ ಅಣಬೆ ಗೊತ್ತಿತ್ತು. ಮರಿಯಾ ಸಬೀನಾ ಅನ್ನುವ ಮಸಾಟೆಕ್ ವೈದ್ಯೆ 1955ರಲ್ಲಿ ಹೊರಗಿನವರೊಬ್ಬರನ್ನು ನಂಬಿ ತಮ್ಮ ಆಚರಣೆಗೆ ಸೇರಿಸಿಕೊಂಡರು. 1957ರಲ್ಲಿ ಅದು ಅಮೆರಿಕದ ಪತ್ರಿಕೆಯಲ್ಲಿ ಬಂತು. ಆಮೇಲೆ ಅವರ ಊರಿಗೆ ಪರದೇಶಿಗಳ ದಂಡೇ ಬಂತು, ಪೊಲೀಸರು ಬಂದರು, ಊರವರು ಆಕೆಯ ಮೇಲೆ ಸಿಟ್ಟಾದರು, ಮನೆಯೂ ಸುಟ್ಟುಹೋಯಿತು. ಈ ಚಿಕಿತ್ಸೆಯ ಬಗ್ಗೆ ಮಾತಾಡುವಾಗ ಆಕೆಯ ಹೆಸರು ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಯಾವ ಯಾವ ಕಾಯಿಲೆಗೆ ಕೊಡ್ತಾರೆ?

ಸೈಲೋಸೈಬಿನ್ ಮೇಲೆ ಹೆಚ್ಚು ಕೆಲಸ ನಡೆದಿರುವುದು ಖಿನ್ನತೆಗೆ, ಅದರಲ್ಲೂ ಬೇರೆ ಮಾತ್ರೆಗಳಿಗೆ ಜಗ್ಗದ ಖಿನ್ನತೆಗೆ. ಕ್ಯಾನ್ಸರ್ ರೋಗಿಗಳಿಗೆ ಕಾಡುವ ಸಾವಿನ ಭಯ, ಕುಡಿತ, ಸಿಗರೇಟು, ಇವುಗಳಿಗೂ ಪ್ರಯೋಗ ನಡೆದಿದೆ. ಎಂಡಿಎಂಎ ಪ್ರಯೋಗಗಳು ಮುಖ್ಯವಾಗಿ ಪಿಟಿಎಸ್‌ಡಿಗೆ, ಅಂದರೆ ಯುದ್ಧ, ಅತ್ಯಾಚಾರ, ಅಪಘಾತದಂಥ ಆಘಾತ ಆದಮೇಲೆ ಬಿಡದೆ ಕಾಡುವ ತೊಂದರೆಗೆ. ಎಲ್‌ಎಸ್‌ಡಿಯನ್ನು ಆತಂಕದ ಕಾಯಿಲೆಗೆ ನೋಡುತ್ತಿದ್ದಾರೆ. ಕೆಟಮಿನ್ ಖಿನ್ನತೆಗೆ ಈಗಾಗಲೇ ಬಳಕೆಯಲ್ಲಿದೆ.

ಹಾಗಾದ್ರೆ ಡಾಕ್ಟರ್ ಹತ್ರ ಹೋಗಿ ಕೇಳಿದ್ರೆ ಬರೆದುಕೊಡ್ತಾರಾ?

ಹೆಚ್ಚಿನ ದೇಶಗಳಲ್ಲಿ ಇಲ್ಲ. ಸೈಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಇಟ್ಟುಕೊಳ್ಳುವುದೇ ಬಹುತೇಕ ಎಲ್ಲ ಕಡೆ ಅಪರಾಧ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಎರಡನ್ನು ಕೊಡಲು ಬಿಟ್ಟಿದೆ: ಪಿಟಿಎಸ್‌ಡಿಗೆ ಎಂಡಿಎಂಎ, ಮಾತ್ರೆಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2020ರ ಜನಮತದ ನಂತರ, ಲೈಸೆನ್ಸ್ ಇರುವ ಕೇಂದ್ರಗಳಲ್ಲಿ ಸೈಲೋಸೈಬಿನ್ ತೆಗೆದುಕೊಳ್ಳಬಹುದು. ಆದರೆ ಅದು ವೈದ್ಯರ ಚೀಟಿಯ ಮೇಲೆ ನಡೆಯುವ ಚಿಕಿತ್ಸೆ ಅಲ್ಲ.

ಕೆಟಮಿನ್ ಕಥೆ ಬೇರೆ. ಅದು 1970ರಿಂದ ಅರಿವಳಿಕೆ ಔಷಧಿಯಾಗಿ ಆಸ್ಪತ್ರೆಗಳಲ್ಲಿದೆ. ಅದರದ್ದೇ ಒಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಆಸ್ಪತ್ರೆ ಅಥವಾ ಕ್ಲಿನಿಕ್‌ನಲ್ಲೇ ತೆಗೆದುಕೊಂಡು, ಕನಿಷ್ಠ 2 ಗಂಟೆ ಅಲ್ಲೇ ಇರಬೇಕು. ಮನೆಗೆ ಒಯ್ಯುವಂತಿಲ್ಲ.

## ಚಿಕಿತ್ಸೆ ನಡೆಯುವ ಬಗೆ

ಅಲ್ಲಿ ನಿಜಕ್ಕೂ ಏನು ಮಾಡ್ತಾರೆ? ಮಾತ್ರೆ ಕೊಟ್ಟು ಮಲಗಿಸ್ತಾರಾ?

ಮಾತ್ರೆ ಬರುವುದು ನಡುವೆ. ಅದರ ಹಿಂದೆ ಮುಂದೆ ಜಾಸ್ತಿ ಕೆಲಸ ಇರುತ್ತದೆ.

ಮೊದಲು ತಪಾಸಣೆ. ಬಿಪಿ, ಇಸಿಜಿ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು, ಮನೆಯಲ್ಲಿ ಯಾರಿಗಾದರೂ ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಕಾಯಿಲೆ, ಇತ್ತೇ ಅನ್ನುವ ವಿವರ. ಆಮೇಲೆ ಥೆರಪಿಸ್ಟ್ ಜೊತೆ ಕೆಲವು ಸಲ ಮಾತುಕತೆ. ಏನಾಗಬಹುದು, ಹೆದರಿಕೆಯಾದರೆ ಏನು ಮಾಡುವುದು, ಅಳು ಬಂದರೆ ಕೈ ಹಿಡಿದುಕೊಳ್ಳಬಹುದೇ ಬೇಡವೇ, ಇಷ್ಟು ಸಣ್ಣ ವಿಷಯವನ್ನೂ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳುತ್ತಾರೆ.

ಔಷಧಿಯ ದಿನ ಕೋಣೆ ಆಸ್ಪತ್ರೆಯ ವಾರ್ಡಿನಂತೆ ಇರುವುದಿಲ್ಲ. ಮೆತ್ತನೆಯ ಹಾಸಿಗೆ ಅಥವಾ ಸೋಫಾ, ಮಂದ ಬೆಳಕು. ರೋಗಿ ಕ್ಯಾಪ್ಸೂಲ್ ನುಂಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಲಗುತ್ತಾರೆ. ಮೊದಲೇ ಆಯ್ದಿಟ್ಟ ಸಂಗೀತ ಕೇಳುತ್ತಿರುತ್ತದೆ. ಸಾಮಾನ್ಯವಾಗಿ ಇಬ್ಬರು ಪಕ್ಕದಲ್ಲಿ ಕೂತಿರುತ್ತಾರೆ. ಆಗಾಗ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಉಳಿದಂತೆ ಹೆಚ್ಚು ಮಾತಾಡುವುದಿಲ್ಲ. ‘ಒಳಗೆ ಏನು ಬರುತ್ತಿದೆಯೋ ಅದನ್ನು ನೋಡಿ, ನಾವು ಇಲ್ಲೇ ಇದ್ದೇವೆ’ ಅನ್ನುವಷ್ಟೇ. ಸೈಲೋಸೈಬಿನ್ ಆದರೆ 4ರಿಂದ 6 ಗಂಟೆ ಅದರ ಪ್ರಭಾವ ಇರುತ್ತದೆ. ಎಂಡಿಎಂಎ ಪ್ರಯೋಗಗಳಲ್ಲಿ ಒಂದೊಂದು ಸೆಷನ್ ಸುಮಾರು 8 ಗಂಟೆ.

ಮರುದಿನದಿಂದ ಮತ್ತೆ ಮಾತುಕತೆ. ಕಂಡದ್ದು ಏನು, ಅದಕ್ಕೂ ಬದುಕಿಗೂ ಏನು ಸಂಬಂಧ, ಈಗ ಏನು ಬದಲಿಸಿಕೊಳ್ಳಬೇಕು. ಸುದ್ದಿಗಳಲ್ಲಿ ಈ ಭಾಗ ಬರುವುದೇ ಇಲ್ಲ. ಅಣಬೆಯ ಫೋಟೋ ಹಾಕುವುದು ಸುಲಭ, ಅಲ್ವಾ? ತಿಂಗಳುಗಟ್ಟಲೆ ನಡೆಯುವ ಮಾತುಕತೆಗೆ ಫೋಟೋ ಎಲ್ಲಿಂದ ತರುವುದು!

ಮೆದುಳಿನೊಳಗೆ ಏನಾಗುತ್ತೆ?

ಸೈಲೋಸೈಬಿನ್ ದೇಹದೊಳಗೆ ಸೈಲೋಸಿನ್ ಆಗಿ ಬದಲಾಗುತ್ತದೆ. ಸೆರೊಟೋನಿನ್ ಅನ್ನುವುದು ಮೆದುಳಿನ ಒಂದು ರಾಸಾಯನಿಕ. ಅದು ಬಂದು ಕೂರಲು ನರಕೋಶಗಳ ಮೇಲಿರುವ ಸೆರೊಟೋನಿನ್ 2ಎ ಅನ್ನುವ ಗ್ರಾಹಿಗೆ (ರಿಸೆಪ್ಟರ್) ಈ ಸೈಲೋಸಿನ್ ಹೋಗಿ ಅಂಟಿಕೊಳ್ಳುತ್ತದೆ. ಆ ಗ್ರಾಹಿಯನ್ನು ತಡೆಯುವ ಕೆಟಾನ್ಸೆರಿನ್ ಅನ್ನುವ ಔಷಧಿಯನ್ನು ಮೊದಲೇ ಕೊಟ್ಟರೆ ಸೈಲೋಸೈಬಿನ್‌ನ ಭ್ರಮೆಗಳು ಬರುವುದಿಲ್ಲ ಎಂದು ಜ್ಯೂರಿಕ್‌ನ ಫ್ರಾನ್ಜ್ ವೊಲೆನ್‌ವೈಡರ್ ತಂಡ 1998ರಲ್ಲಿ ತೋರಿಸಿತು. ಇಷ್ಟು ಗಟ್ಟಿ.

ಮುಂದಿನದ್ದು ಇನ್ನೂ ಚರ್ಚೆಯಲ್ಲಿದೆ. ನಾವು ಸುಮ್ಮನೆ ಕೂತು ನಮ್ಮ ಬಗ್ಗೆಯೇ ಯೋಚಿಸುತ್ತಿರುವಾಗ ಒಟ್ಟಿಗೆ ಚುರುಕಾಗುವ ಮೆದುಳಿನ ಭಾಗಗಳಿವೆ. ಔಷಧಿಯ ಪ್ರಭಾವದಲ್ಲಿ ಅವುಗಳ ನಡುವಿನ ಹೊಂದಾಣಿಕೆ ಸಡಿಲವಾಗುವುದು ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ. ಪ್ರಾಣಿಗಳಲ್ಲಿ ನರಕೋಶಗಳ ನಡುವೆ ಹೊಸ ಕೊಂಡಿಗಳು ಬೆಳೆದದ್ದೂ ಕಂಡಿದೆ. ಖಿನ್ನತೆಯಲ್ಲಿ ಮನಸ್ಸು ಗಾಣದೆತ್ತಿನಂತೆ ಒಂದೇ ಯೋಚನೆಯನ್ನು ಸುತ್ತುತ್ತಿರುತ್ತದಲ್ಲ, ಆ ಸುತ್ತು ಸ್ವಲ್ಪ ಕಾಲ ತಪ್ಪುತ್ತದೆ ಅನ್ನುವುದು ಹಲವು ಸಂಶೋಧಕರ ಊಹೆ. ಊಹೆ ಒಳ್ಳೆಯದೇ, ಆದರೆ ಸಾಬೀತಾಗಿಲ್ಲ.

ಹೆದರಿಕೆ ಆಗೋ ಅನುಭವ ಬಂದ್ರೆ?

ಬರುತ್ತದೆ. ರೋಗಿಗಳ ಮೇಲೆ ನಡೆಸುವ ಪ್ರಯೋಗಗಳಲ್ಲೂ, ಅಂದರೆ ಟ್ರಯಲ್‌ಗಳಲ್ಲೂ, ಭಯ, ಅಳು, ‘ಸತ್ತೇಹೋಗುತ್ತೇನೆ’ ಅನ್ನಿಸುವ ಕ್ಷಣಗಳು ಸಾಮಾನ್ಯ. ಪಕ್ಕದಲ್ಲಿ ನುರಿತವರಿದ್ದರೆ ಹೆಚ್ಚಿನವರು ಅದನ್ನು ದಾಟುತ್ತಾರೆ. ಅದರಿಂದಲೇ ಏನೋ ಸಿಕ್ಕಿತು ಎಂದು ಎಷ್ಟೋ ಜನ ಆಮೇಲೆ ಹೇಳುತ್ತಾರೆ. ಒಬ್ಬರೇ ಇದ್ದಾಗ ಅದೇ ಭಯದಲ್ಲಿ ಜನ ರಸ್ತೆಗೆ ಓಡಿದ್ದಾರೆ, ಎತ್ತರದಿಂದ ಬಿದ್ದಿದ್ದಾರೆ. ಔಷಧಿ ಅದೇ. ವ್ಯತ್ಯಾಸ ಮಾಡುವುದು ಮನಸ್ಥಿತಿ, ಜಾಗ ಮತ್ತು ಪಕ್ಕದಲ್ಲಿರುವ ಮನುಷ್ಯ.

## ಅಪಾಯದ ಪ್ರಶ್ನೆಗಳು

ಚಟ ಹತ್ತಲ್ವಾ?

ಸೈಲೋಸೈಬಿನ್, ಎಲ್‌ಎಸ್‌ಡಿಗಳಿಗೆ ಹೆಂಡ, ಸಿಗರೇಟಿನಂತೆ ಚಟ ಹತ್ತುವುದು ತೀರಾ ಕಡಿಮೆ. ಇವತ್ತು ತೆಗೆದುಕೊಂಡರೆ ನಾಳೆ ಅದೇ ಪ್ರಮಾಣಕ್ಕೆ ದೇಹ ಅಷ್ಟಾಗಿ ಸ್ಪಂದಿಸುವುದೇ ಇಲ್ಲ. ಕೆಟಮಿನ್ ಹಾಗಲ್ಲ. ಅದಕ್ಕೆ ಚಟ ಹತ್ತುತ್ತದೆ, ಅತಿಯಾಗಿ ಬಳಸಿದವರ ಮೂತ್ರಕೋಶವೇ ಹಾಳಾಗುತ್ತದೆ. ಎಂಡಿಎಂಎಯಲ್ಲೂ ದುರ್ಬಳಕೆಯ ಅಪಾಯ ಇದೆ.

ಯಾರು ಇದರ ಹತ್ರ ಸುಳಿಯಲೇಬಾರದು?

ಸ್ಕಿಜೋಫ್ರೇನಿಯಾ ಅಥವಾ ಬೇರೆ ಸೈಕೋಸಿಸ್ ಇರುವವರು, ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಅದು ಇರುವವರು. ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆ ಇರುವವರು, ಏಕೆಂದರೆ ಉನ್ಮಾದ ಕೆರಳಬಹುದು. ಟ್ರಯಲ್‌ಗಳು ಇಂಥವರನ್ನು ಸಾಮಾನ್ಯವಾಗಿ ಮೊದಲೇ ಹೊರಗಿಡುತ್ತವೆ. ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ ಇರುವವರಿಗೂ ಅಪಾಯ. ಚಟ ಬಿಡಿಸಲು ಬಳಸುವ ಇಬೋಗೇನ್ ಅನ್ನುವ ಇನ್ನೊಂದು ಸೈಕೆಡೆಲಿಕ್ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ, ಅದರಿಂದ ಸಾವುಗಳಾಗಿವೆ. ಗರ್ಭಿಣಿಯರೂ ದೂರ ಇರಬೇಕು.

ಇಲ್ಲೊಂದು ವಿಷಯ ಗಮನಿಸಿ. ಟ್ರಯಲ್‌ನಲ್ಲಿ ಅಪಾಯ ಕಡಿಮೆ ಕಂಡಿತು ಅಂದರೆ, ಹೀಗೆ ಜರಡಿ ಹಿಡಿದು ಆರಿಸಿದ ಜನರಲ್ಲಿ ಕಡಿಮೆ ಕಂಡಿತು ಅಂತ ಅರ್ಥ. ಎಲ್ಲರಿಗೂ ಅಂತ ಅಲ್ಲ.

ನಾನು ಈಗಾಗಲೇ ಡಿಪ್ರೆಶನ್ ಮಾತ್ರೆ ತಗೋತಿದ್ದೀನಿ. ಅದನ್ನ ನಿಲ್ಲಿಸಿ ಇದನ್ನ ನೋಡಬಹುದಾ?

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಆತಂಕ ಬರುತ್ತದೆ. ಅದಕ್ಕಿಂತ ದೊಡ್ಡದು, ಕಾಯಿಲೆ ಮತ್ತೆ ಜೋರಾಗಿ ಮರಳಬಹುದು.

ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದೂ ಬೇರೆ ಬೇರೆ ಬಗೆಯಲ್ಲಿ ತೊಂದರೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಬಗೆಯ ಮಾತ್ರೆಗಳು ಸೈಲೋಸೈಬಿನ್, ಎಂಡಿಎಂಎಗಳ ಪ್ರಭಾವವನ್ನು ತಗ್ಗಿಸಬಹುದು. ಆಗ ‘ಹಿಡೀಲಿಲ್ಲ’ ಅಂತ ಇನ್ನಷ್ಟು ತೆಗೆದುಕೊಳ್ಳುವವರಿದ್ದಾರೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಜೊತೆ ಸೈಲೋಸೈಬಿನ್ ಅಥವಾ ಎಲ್‌ಎಸ್‌ಡಿ ಬೆರೆತು ಫಿಟ್ಸ್ ಬಂದ ವರದಿಗಳಿವೆ. ಅಯಾಹುಸ್ಕಾದಲ್ಲಿ ಎಂಎಒ ಅನ್ನುವ ಕಿಣ್ವವನ್ನು ತಡೆಯುವ ಅಂಶ ಇರುವುದರಿಂದ, ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಸೆರೊಟೋನಿನ್ ಮಿತಿಮೀರಿ ಪ್ರಾಣಕ್ಕೇ ಕುತ್ತು ಬರಬಹುದು.

ಅಣಬೆ ತಾನೇ, ಪ್ರಕೃತಿಯದ್ದು. ಮನೇಲೇ ತಗೊಂಡ್ರೆ ಏನಾಗುತ್ತೆ?

ಪ್ರಕೃತಿಯದ್ದು ಅಂದಮಾತ್ರಕ್ಕೆ ಒಳ್ಳೆಯದಾಗಬೇಕಿಲ್ಲ. ಉಮ್ಮತ್ತಿ ಕಾಯಿಯೂ ಪ್ರಕೃತಿಯದ್ದೇ. ನೋಡಲು ಒಂದೇ ಥರ ಇರುವ ಅಣಬೆಗಳಲ್ಲಿ ಯಕೃತ್ತನ್ನೇ ಕೊಲ್ಲುವ ಜಾತಿಗಳಿವೆ. ಒಂದು ಅಣಬೆಗೂ ಇನ್ನೊಂದಕ್ಕೂ ಸೈಲೋಸೈಬಿನ್ ಪ್ರಮಾಣ ಬೇರೆ ಇರುತ್ತದೆ. ಟ್ರಯಲ್‌ನಲ್ಲಿ ಕೊಡುವುದು ಅಣಬೆಯನ್ನಲ್ಲ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಶುದ್ಧ ಔಷಧಿಯನ್ನು. ಕದ್ದುಮುಚ್ಚಿ ಮಾರುವ ಪುಡಿ, ಮಾತ್ರೆಗಳಲ್ಲಿ ಏನಿದೆ ಅನ್ನುವುದು ಮಾರುವವನಿಗೂ ಗೊತ್ತಿರುವುದಿಲ್ಲ. ಕಾನೂನಿನ ತೊಂದರೆ ಬೇರೆ. ಈಗಾಗಲೇ ತೆಗೆದುಕೊಂಡು ಎದೆನೋವು, ಫಿಟ್ಸ್, ವಿಪರೀತ ಮೈಬಿಸಿ, ಗಲಿಬಿಲಿ ಆಗಿದ್ದರೆ ನಾಚಿಕೆ, ಹೆದರಿಕೆ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಏನು ತೆಗೆದುಕೊಂಡಿರಿ ಅನ್ನುವುದನ್ನು ವೈದ್ಯರ ಹತ್ತಿರ ಮುಚ್ಚಿಡಬೇಡಿ.

ಮೈಕ್ರೋಡೋಸಿಂಗ್ ಅಂತ ಚೂರು ಚೂರು ತಗೊಳ್ಳೋದು ಸೇಫ್ ಅಂತಾರಲ್ಲ?

ಕೆಲಸ ಮಾಡುತ್ತದೆ ಅನ್ನುವುದಕ್ಕೇ ಗಟ್ಟಿ ಪುರಾವೆ ಇಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 191 ಜನ, ತಮಗೇ ಗೊತ್ತಾಗದಂತೆ ನಿಜವಾದದ್ದೋ ಖಾಲಿ ಕ್ಯಾಪ್ಸೂಲೋ ತೆಗೆದುಕೊಂಡರು. ನಿಜವಾದದ್ದು ತೆಗೆದುಕೊಂಡವರಿಗೆ ಹಗುರ ಅನ್ನಿಸಿತು. ಖಾಲಿ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಹಗುರ ಅನ್ನಿಸಿತು.

## ಇನ್ನೂ ಆಳಕ್ಕೆ

ಒಂದೇ ಡೋಸ್‌ಗೆ ಖಿನ್ನತೆ ಮಾಯ ಅಂತ ಓದಿದೆ. ನಿಜಾನಾ?

ಕೆಲವರಿಗೆ ಹೌದು, ಹೆಚ್ಚಿನವರಿಗೆ ಇಲ್ಲ. ಒಂದು ಟ್ರಯಲ್ ಅನ್ನು ಹತ್ತಿರದಿಂದ ನೋಡೋಣ. ಮಾತ್ರೆಗೆ ಬಗ್ಗದ ಖಿನ್ನತೆ ಇದ್ದ 233 ಜನರ ಮೇಲೆ ನಡೆದದ್ದು, 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 25 ಮಿಲಿಗ್ರಾಂ ಸೈಲೋಸೈಬಿನ್, ಇನ್ನೊಂದಕ್ಕೆ 10, ಮತ್ತೊಂದಕ್ಕೆ 1. ಮೂರು ವಾರ ಆದಮೇಲೆ, 25ರ ಗುಂಪಿನಲ್ಲಿ ಸುಮಾರು 37% ಜನರ ಖಿನ್ನತೆ ಅರ್ಧಕ್ಕಾದರೂ ಇಳಿದಿತ್ತು. 1ರ ಗುಂಪಿನಲ್ಲಿ ಅದು 18%. ಹನ್ನೆರಡು ವಾರಗಳವರೆಗೂ ಆ ಸುಧಾರಣೆ ಉಳಿದದ್ದು 25ರ ಗುಂಪಿನ ಸುಮಾರು 20% ಜನರಲ್ಲಿ ಮಾತ್ರ.

ಎರಡು ರೀತಿ ಓದಬಹುದು. ಯಾವ ಮಾತ್ರೆಯೂ ಹಿಡಿಯದೆ ಸೋತ ಜನರಲ್ಲಿ ಐವರಲ್ಲಿ ಒಬ್ಬರಿಗೆ, ಒಂದೇ ಡೋಸ್‌ನಿಂದ, ಮೂರು ತಿಂಗಳು ಉಸಿರಾಡುವಂತಾಯಿತು. ಇದು ಸಣ್ಣದಲ್ಲ. ಐವರಲ್ಲಿ ನಾಲ್ವರಿಗೆ ಹಾಗಾಗಲಿಲ್ಲ. ಅದೂ ಸಣ್ಣದಲ್ಲ. ಆತ್ಮಹತ್ಯೆಯ ಯೋಚನೆಗಳು ಮೂರೂ ಗುಂಪುಗಳಲ್ಲಿ ಕೆಲವರಿಗೆ ಬಂದವು. ‘ಪವಾಡದ ಔಷಧಿ’ ಎಂದು ಬರೆಯುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಕೊನೆಯ ಆಸೆ ಅಂತ ನಂಬಿಕೊಂಡು ಹೋದವರಿಗೆ ಅದು ಹಿಡಿಯದಿದ್ದರೆ, ಆಮೇಲಿನ ಕುಸಿತ ಯಾರ ತಲೆಗೆ?

ಈಗಿರೋ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತಾ?

ನೇರವಾಗಿ ಹೋಲಿಸಿದ ಒಂದು ಅಧ್ಯಯನ 2021ರಲ್ಲಿ ಬಂತು. 59 ಜನ. ಅರ್ಧದಷ್ಟು ಜನರಿಗೆ ಸೈಲೋಸೈಬಿನ್, ಉಳಿದವರಿಗೆ ಎಸ್ಸಿಟಲೋಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ. ಮೊದಲೇ ಗೊತ್ತುಮಾಡಿದ್ದ ಮುಖ್ಯ ಅಳತೆಯಲ್ಲಿ ಎರಡರ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಬೇರೆ ಕೆಲವು ಅಳತೆಗಳು ಸೈಲೋಸೈಬಿನ್ ಕಡೆ ವಾಲಿದವು. ಚಿಕ್ಕ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಕಟ್ಟುವುದು ಬೇಡ.

ಟ್ರಯಲ್‌ನಲ್ಲಿ ಖಾಲಿ ಮಾತ್ರೆ ಕೊಟ್ರೆ ರೋಗಿಗೆ ಗೊತ್ತಾಗಲ್ವಾ?

ಗೊತ್ತಾಗುತ್ತದೆ. ಅರ್ಧ ಗಂಟೆಯಲ್ಲಿ ಗೋಡೆ ಉಸಿರಾಡತೊಡಗಿದರೆ ತನಗೆ ಸಿಕ್ಕಿದ್ದು ಏನು ಅಂತ ಯಾರಿಗೆ ತಾನೆ ತಿಳಿಯುವುದಿಲ್ಲ? ಇದು ಈ ಕ್ಷೇತ್ರದ ಅತಿ ದೊಡ್ಡ ತಲೆನೋವು. ನಿಜವಾದದ್ದು ಸಿಕ್ಕಿತು ಅಂತ ತಿಳಿದವರಿಗೆ ನಿರೀಕ್ಷೆಯೇ ಅರ್ಧ ಔಷಧಿ ಆಗುತ್ತದೆ. ಸಿಗಲಿಲ್ಲ ಅಂತ ತಿಳಿದವರು ನಿರಾಸೆಯಿಂದಲೇ ಕುಗ್ಗುತ್ತಾರೆ. ಎರಡರ ನಡುವಿನ ಅಂತರ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ತಗ್ಗಿಸಲು ಖಾಲಿ ಮಾತ್ರೆಯ ಬದಲು ಅದೇ ಔಷಧಿಯ ಸಣ್ಣ ಡೋಸ್ ಕೊಡುತ್ತಾರೆ, ಮೈ ಕೆಂಪಾಗಿಸುವ ನಯಾಸಿನ್ ಕೊಡುತ್ತಾರೆ. ಯಾವುದೂ ಪೂರ್ತಿ ಸಾಲುವುದಿಲ್ಲ.

ಎಂಡಿಎಂಎ ಫಲಿತಾಂಶ ಅಷ್ಟು ಚೆನ್ನಾಗಿತ್ತು ಅಂತಾರೆ. ಮತ್ಯಾಕೆ ಒಪ್ಪಿಗೆ ಸಿಗಲಿಲ್ಲ?

2021ರಲ್ಲಿ ಪ್ರಕಟವಾದ 90 ಜನರ ಟ್ರಯಲ್‌ನಲ್ಲಿ, ಎಂಡಿಎಂಎ ಮತ್ತು ಥೆರಪಿ ಪಡೆದವರಲ್ಲಿ 67% ಜನರಿಗೆ ಕೊನೆಯಲ್ಲಿ ಪಿಟಿಎಸ್‌ಡಿ ಲಕ್ಷಣಗಳು ರೋಗ ಅನ್ನುವ ಮಟ್ಟದಲ್ಲಿ ಉಳಿದಿರಲಿಲ್ಲ. ಬರೀ ಥೆರಪಿ ಮತ್ತು ಖಾಲಿ ಮಾತ್ರೆ ಪಡೆದವರಲ್ಲಿ ಇದು 32%. ಆದರೂ 2024ರ ಜೂನ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ ವಿರುದ್ಧವಾಗಿ ಮತ ಹಾಕಿತು. ಆಗಸ್ಟ್‌ನಲ್ಲಿ ಎಫ್‌ಡಿಎ ಒಪ್ಪಿಗೆ ನಿರಾಕರಿಸಿ, ಇನ್ನೊಂದು ದೊಡ್ಡ ಟ್ರಯಲ್ ಮಾಡಿ ಅಂದಿತು. ಮೇಲೆ ಹೇಳಿದ ಖಾಲಿ ಮಾತ್ರೆಯ ತೊಂದರೆ ಒಂದು ಕಾರಣ. ಸುರಕ್ಷತೆಯ ಮಾಹಿತಿ ಸರಿಯಾಗಿ ದಾಖಲಾಗಿಲ್ಲ ಅನ್ನುವುದು ಇನ್ನೊಂದು. ಪಿಟಿಎಸ್‌ಡಿಯಿಂದ ನರಳುತ್ತಾ ಕಾದಿದ್ದವರಿಗೆ ಇದು ತುಂಬಾ ನೋವಿನ ಸುದ್ದಿ. ಆದರೂ ಎಫ್‌ಡಿಎ ಕೇಳಿದ ಪ್ರಶ್ನೆಗಳು ಸರಿಯಾದವು ಎಂದೇ ನನಗನ್ನಿಸುತ್ತದೆ.

ಔಷಧಿಯ ಹೊತ್ತಿನಲ್ಲಿ ಥೆರಪಿಸ್ಟ್ ತಪ್ಪಾಗಿ ನಡೆದುಕೊಂಡರೆ?

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಜಾಸ್ತಿ ಜನ ಕೇಳಬೇಕು, ಆದರೆ ಕೇಳುವವರು ಕಡಿಮೆ. ಎಂಡಿಎಂಎ ಕೊಟ್ಟಾಗ ಎದುರಿಗಿರುವವರ ಮೇಲೆ ನಂಬಿಕೆ, ಪ್ರೀತಿ ಉಕ್ಕುತ್ತದೆ. ಆಘಾತದ ನೆನಪನ್ನು ತೆರೆಯಲು ಸಹಾಯವಾಗುವುದೂ ಅದೇ, ದುರುಪಯೋಗಕ್ಕೆ ಬಾಗಿಲು ತೆರೆಯುವುದೂ ಅದೇ. ಕೆನಡಾದಲ್ಲಿ ನಡೆದ ಎಂಡಿಎಂಎ ಟ್ರಯಲ್ ಒಂದರಲ್ಲಿ ಥೆರಪಿಸ್ಟರು ರೋಗಿಯ ಜೊತೆ ಗಡಿ ದಾಟಿ ನಡೆದುಕೊಂಡ ಪ್ರಕರಣ ಹೊರಬಂದಿದೆ. ಅದರ ವಿಡಿಯೋ ದಾಖಲೆಯೂ ಇತ್ತು.

ಹಾಗಾಗಿ ಎಲ್ಲಾದರೂ ಕಾನೂನುಬದ್ಧವಾಗಿ ಇಂಥ ಚಿಕಿತ್ಸೆಗೆ ಹೋಗುವವರು ಮೊದಲೇ ಕೇಳಿ. ಕೋಣೆಯಲ್ಲಿ ಎಷ್ಟು ಜನ ಇರುತ್ತಾರೆ? ರೆಕಾರ್ಡ್ ಆಗುತ್ತದೆಯೇ? ಮುಟ್ಟುವ ಬಗ್ಗೆ ನಿಯಮ ಏನು? ಔಷಧಿ ಏರಿದ ಮೇಲೆ ನಾನು ‘ಸರಿ’ ಅಂದರೂ, ಮೊದಲು ‘ಬೇಡ’ ಅಂದದ್ದೇ ಲೆಕ್ಕವೇ? ದೂರು ಕೊಡಬೇಕಾದರೆ ಯಾರಿಗೆ? ಇದನ್ನೆಲ್ಲ ಕೇಳಿದಾಗ ಮುಖ ಸಿಂಡರಿಸುವ ಜಾಗ ನಿಮಗೆ ಬೇಡ.

ಭ್ರಮೆ ಬರದ ಹಾಗೆ ಬರೀ ಔಷಧಿಯ ಗುಣ ತೆಗೆಯೋಕಾಗಲ್ವಾ?

ಪ್ರಯತ್ನ ನಡೆದಿದೆ. ಇಬೋಗೇನ್ ಅನ್ನು ಮಾರ್ಪಡಿಸಿ ಮಾಡಿದ ಒಂದು ಅಣು ಇಲಿಗಳಲ್ಲಿ ಒಳ್ಳೆಯ ಪರಿಣಾಮ ತೋರಿಸಿದೆ. ಮನುಷ್ಯರಲ್ಲಿ ಅನುಭವವೇ ಮದ್ದೋ, ಅನುಭವ ಬರೀ ಜೊತೆಗೆ ಬರುವ ಸದ್ದೋ ಅನ್ನುವುದು ಇನ್ನೂ ಬಗೆಹರಿದಿಲ್ಲ. ಬಗೆಹರಿದರೆ ಸೈಕೋಸಿಸ್ ಭಯದಿಂದ ಈಗ ಹೊರಗಿಟ್ಟಿರುವ ರೋಗಿಗಳಿಗೂ ದಾರಿಯಾದೀತು.

ನಮ್ಮಣ್ಣನಿಗೆ ಯಾವ ಮಾತ್ರೆನೂ ಹಿಡೀತಿಲ್ಲ. ಈಗ ನಾವೇನು ಮಾಡೋದು?

‘ಹಿಡೀತಿಲ್ಲ’ ಅನ್ನುವುದನ್ನು ಮೊದಲು ಮನೋವೈದ್ಯರ ಜೊತೆ ಕೂತು ಪರೀಕ್ಷಿಸಿ. ಪ್ರತಿ ಮಾತ್ರೆಯನ್ನೂ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟಿದ್ದರೇ? ಥೈರಾಯ್ಡ್ ನೋಡಿದ್ದರೇ? ಖಿನ್ನತೆ ಅಂದುಕೊಂಡದ್ದು ಬೈಪೋಲಾರ್ ಇರಬಹುದೇ? ಕುಡಿತ ಇದೆಯೇ? ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ.

ಆಮೇಲೂ ದಾರಿಗಳಿವೆ. ಮಾತ್ರೆಯ ಜೊತೆ ಲಿಥಿಯಂನಂಥದ್ದನ್ನು ಸೇರಿಸಬಹುದು. ಕಾಂತದ ಅಲೆಗಳಿಂದ ಮೆದುಳನ್ನು ಚುರುಕುಗೊಳಿಸುವ ಟಿಎಂಎಸ್ ಇದೆ. ಕೆಟಮಿನ್ ಅಥವಾ ಎಸ್‌ಕೆಟಮಿನ್ ಇದೆ. ಜನ ‘ಶಾಕ್ ಕೊಡುವುದು’ ಅಂತ ಹೆದರುವ ಇಸಿಟಿ, ತೀವ್ರ ಖಿನ್ನತೆಗೆ ಈಗಲೂ ನಮ್ಮ ಹತ್ತಿರ ಇರುವ ಅತ್ಯಂತ ಬಲವಾದ ಚಿಕಿತ್ಸೆಗಳಲ್ಲಿ ಒಂದು. ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಸೈಕೆಡೆಲಿಕ್‌ಗೆ ಕಾಯುತ್ತಾ ಇವನ್ನೆಲ್ಲ ಬಿಟ್ಟರೆ ನಷ್ಟ ಅಣ್ಣನಿಗೇ.

ಸಾಯುವ ಮಾತು ಆಡುತ್ತಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ. ಮಾತ್ರೆ, ಹಗ್ಗ, ವಿಷದಂಥವನ್ನು ಕೈಗೆಟುಕದಂತೆ ತೆಗೆದಿಡಿ. ಇವತ್ತೇ, ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.